ಸೀಟು ಎಂಬ ಎರಡಕ್ಷರದ ಚರಿತ್ರೆ

ಕಳೆದ ಭಾನುವಾರ ಬೆಳಿಗ್ಗೆ ಸ್ನಾನ ಮುಗಿಸಿ ಪತ್ರಿಕೆಯನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಹಳೆಯ ವಿದ್ಯಾರ್ಥಿಯೊಬ್ಬನ ಕರೆ ಬಂದಿತು. ಚನ್ನಗಿರಿ ತಾಲ್ಲೂಕಿನವನು, ಶಾಂತಿಸಾಗರದ ಅಚ್ಚುಕಟ್ಟಿನ ಒಂದು ಹಳ್ಳಿಯವನು. ನಮ್ಮ ಜನ ಇಂದಿಗೂ ಸೂಳೆಕೆರೆಯೆಂದೇ ಕರೆಯುವ ಆ ಮಹಾಕೆರೆಯ ಬಗ್ಗೆ ಇದೇ ಪುಟದಲ್ಲಿ ಹಿಂದೊಮ್ಮೆ ಬರೆದಿದ್ದೇನೆ. ಅವನ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಓದುವವರಲ್ಲಿ ಅವನ ಸಹಪಾಠಿಗಳು ಯಾರೆಂದು ಊಹಿಸಿದರೆ ಅದು ಅವರಲ್ಲೇ ಇರಲಿ.

"ಸಾರ್, ನಮ್ಮ ಅಕ್ಕನ ಮಗಳು ಏಳನೇ ಕ್ಲಾಸು ಮುಗಿಸ್ತಾ ಇದಾಳೆ. ಲೆಕ್ಕದಲ್ಲಿ ಚೂಟಿ. ಎಂಟನೇ ಕ್ಲಾಸಿಗೆ ಪೇಟೆಗೆ ಹಾಕೋದೋ, ನಮ್ಮೂರ ಹೈಸ್ಕೂಲಲ್ಲೇ ಬಿಡೋದೋ? ಡಾಕ್ಟರ್ ಆಗ್ತೀನಿ ಅಂತಾಳೆ. ಮುಂದೆ ಒಳ್ಳೆ ಕಾಲೇಜಲ್ಲಿ ಸೀಟು ಸಿಗ್ಬೇಕು ಅಂದ್ರೆ ಯಾವುದು ಸರಿ?" ಎಂದು ಕೇಳಿದನು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಸಲ ಏನ್ ಹೇಳ್ತೀರಿ ಸಾರ್?" ಎಂದನು.

‘ಈ ಸಲ’ ಎಂಬ ಆ ಎರಡು ಮಾತುಗಳಲ್ಲಿ ಆಕ್ಷೇಪಣೆಯೇನೂ ಇರಲಿಲ್ಲ. ಅವನು ಹಾಗೆ ಚುಚ್ಚಿ ಮಾತನಾಡುವ ಜಾತಿಯವನಲ್ಲ. ಆದರೆ ನನಗೆ ಆ ದಿನದ ಪತ್ರಿಕೆ ಓದಲಾಗಲಿಲ್ಲ. ‘ಹಿಂದಿನ ಸಲ’ ಏನಾಯಿತೆಂಬುದನ್ನು ಮುಂದೆ ಹೇಳುತ್ತೇನೆ. ಅದಕ್ಕೆ ಮೊದಲು, ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ‘ಸೀಟು’ ಎಂಬ ಈ ಎರಡಕ್ಷರ ಎಲ್ಲಿಂದ ಬಂದಿತು, ಯಾರ ಕೈಯಿಂದ ಯಾರ ಕೈಗೆ ಸಾಗಿತು ಎಂಬುದನ್ನು ನನಗೆ ತಿಳಿದ ಮಟ್ಟಿಗೆ ಬರೆದಿಡಬೇಕೆನ್ನಿಸಿದೆ. ನಾನು ಹೊನ್ನಾಳಿ ಸೀಮೆಯಲ್ಲಿ ಹುಟ್ಟಿ, ಚನ್ನಗಿರಿ, ನ್ಯಾಮತಿ, ಜಗಳೂರುಗಳಲ್ಲಿ ಪಾಠ ಹೇಳಿದವನು. ಆದ್ದರಿಂದ ಈ ನಾಲ್ಕು ಊರುಗಳ ಕಣ್ಣಿನಿಂದಲೇ ನೋಡುತ್ತೇನೆ.

ನಮ್ಮ ತಾತಂದಿರ ಕಾಲದಲ್ಲಿ ಸೀಟಿನ ಪ್ರಶ್ನೆಯೇ ಇರಲಿಲ್ಲ. ಕಾಲೇಜೇ ಇರಲಿಲ್ಲವೆಂದ ಮೇಲೆ ಸೀಟು ಎಲ್ಲಿಂದ ಬರಬೇಕು? ಮೈಸೂರು ಸಂಸ್ಥಾನದ ಮಹಾರಾಜಾ ಕಾಲೇಜು ಮತ್ತು ಬೆಂಗಳೂರಿನ ಸೆಂಟ್ರಲ್ ಕಾಲೇಜು ಮದರಾಸು ವಿಶ್ವವಿದ್ಯಾನಿಲಯದ ಅಧೀನದಲ್ಲಿದ್ದವು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಮರುವರ್ಷ ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಕಾಲೇಜು, 1924ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾದವು. ವೈದ್ಯಕೀಯ ಕಾಲೇಜು 1930ರಲ್ಲಿ ಮೈಸೂರಿಗೆ ಸ್ಥಳಾಂತರಗೊಂಡಿತು. ಕಾಗದದ ಮೇಲೆ ಇವೆಲ್ಲವೂ ಸಂಸ್ಥಾನದ ಸಮಸ್ತ ಪ್ರಜೆಗಳಿಗೂ ತೆರೆದಿದ್ದವು. ಆದರೆ ಚನ್ನಗಿರಿಯಿಂದ ಗಾಡಿ ಕಟ್ಟಿಕೊಂಡು ಹೊರಟವನು ಮೊದಲು ರೈಲು ಹತ್ತುವ ಊರನ್ನು ತಲುಪಬೇಕಾಗಿತ್ತು. ಈ ನಾಲ್ಕು ಪಟ್ಟಣಗಳಲ್ಲಿ ಒಂದಕ್ಕೂ ರೈಲು ಬರಲಿಲ್ಲವೆಂಬುದನ್ನು ಯಾವ ಶಿಕ್ಷಣ ವರದಿಯೂ ಗಣನೆಗೆ ತೆಗೆದುಕೊಂಡಂತೆ ನನಗೆ ಕಂಡಿಲ್ಲ.

ಆ ಕಾಲದಲ್ಲಿ ಓದಲು ಹೊರಟವರು ಅಧಿಕಾರಿಗಳ, ವಕೀಲರ, ದೊಡ್ಡ ಜಮೀನ್ದಾರರ ಮಕ್ಕಳು. ಉಳಿದವರಿಗೂ ಪಾಲು ದೊರೆಯಬೇಕೆಂಬ ಕೂಗೆದ್ದು, 1918ರಲ್ಲಿ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯ ಸಮಿತಿ ನೇಮಕವಾಯಿತು. ಅದು ಮುಖ್ಯವಾಗಿ ಸರ್ಕಾರಿ ಹುದ್ದೆಗಳನ್ನು ಕುರಿತದ್ದು. ಆದರೂ ಓದಿದವರಿಗೆ ಮಾತ್ರ ಹುದ್ದೆ ಎಂದಾದ ಮೇಲೆ ಓದಿನ ಬಾಗಿಲಿನಲ್ಲಿ ನಿಂತವರಾರು ಎಂಬ ಪ್ರಶ್ನೆ ತಾನಾಗಿ ಹಿಂದೆಯೇ ಬಂದಿತು. ವಿಶ್ವೇಶ್ವರಯ್ಯನವರಿಗೆ ಈ ಸಮಿತಿ ಸಮ್ಮತವಾಗಿರಲಿಲ್ಲ. ಅವರು ದಿವಾನಗಿರಿ ಬಿಟ್ಟ ಸಂದರ್ಭದಲ್ಲಿ ಇದೂ ಒಂದು ಕಾರಣವೆಂಬುದು ಪ್ರಸಿದ್ಧ. ಎರಡೂ ಕಡೆಯವರಲ್ಲಿ ಅವರವರ ನ್ಯಾಯವಿತ್ತು. ನಮ್ಮ ತರಗತಿಗಳಲ್ಲಿ ಇದನ್ನು ಒಬ್ಬರು ಒಳ್ಳೆಯವರು, ಇನ್ನೊಬ್ಬರು ಕೆಟ್ಟವರು ಎಂಬಂತೆ ಹೇಳಿಕೊಡುವುದನ್ನು ಕೇಳಿ ನಾನು ಎಷ್ಟೋ ಸಲ ಬೇಸರಪಟ್ಟಿದ್ದೇನೆ.

ಕಾಲೇಜು ನಮ್ಮ ಹತ್ತಿರಕ್ಕೆ ಬಂದದ್ದು ಆಮೇಲೆ. ಶಿವಮೊಗ್ಗದಲ್ಲಿ 1940ರಲ್ಲಿ ಇಂಟರ್‌ಮೀಡಿಯಟ್ ಕಾಲೇಜು ಪ್ರಾರಂಭವಾಯಿತು. ಮುಂದೆ ಸಹ್ಯಾದ್ರಿ ಕಾಲೇಜೆಂದು ಹೆಸರಾದದ್ದು ಅದೇ. ಹತ್ತಿಯ ಗಿರಣಿಗಳಿಂದ ಶ್ರೀಮಂತವಾಗಿದ್ದ ದಾವಣಗೆರೆಯಲ್ಲಿ ವರ್ತಕರು ವಿದ್ಯೆಗೂ ಹಣ ಬಿಚ್ಚಿದರು. 1951ರಲ್ಲಿ ಅಲ್ಲಿ ಬಿ.ಡಿ.ಟಿ. ಇಂಜಿನಿಯರಿಂಗ್ ಕಾಲೇಜು ಹುಟ್ಟಿತು. 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಬಂದವು. ಸಿರಿಗೆರೆಯ ಮಠವೂ ಚಿತ್ರದುರ್ಗದ ಮಠವೂ ತೆರೆದ ಶಾಲೆ ಮತ್ತು ವಿದ್ಯಾರ್ಥಿನಿಲಯಗಳ ಋಣ ನಮ್ಮ ಸೀಮೆಯ ಮೇಲೆ ಎಷ್ಟಿದೆಯೆಂದು ಅಲ್ಲಿ ಅನ್ನ ಉಂಡವರೇ ಬಲ್ಲರು. ಬಸ್ಸಿನಲ್ಲಿ ಒಂದೆರಡು ಗಂಟೆಯ ದೂರಕ್ಕೆ ಇಂಜಿನಿಯರಿಂಗ್ ಕಾಲೇಜು ಬಂದಿತೆಂದರೆ ಸಾಮಾನ್ಯದ ಸಂಗತಿಯಲ್ಲ. ಆದರೆ ಕಾಲೇಜು ಹತ್ತಿರವಾದಷ್ಟೂ ಸೀಟು ದೂರವಾಗುತ್ತ ಹೋಯಿತು. ಕೇಳುವವರು ಹೆಚ್ಚಿದರು.

ಇಲ್ಲಿಂದ ಮುಂದೆ ನಮ್ಮ ಸೀಟಿನ ಚರಿತ್ರೆ ದೆಹಲಿಯ ಸುಪ್ರೀಂ ಕೋರ್ಟಿನಲ್ಲಿ ನಡೆಯಿತು. ಭಾರತದ ಮೀಸಲಾತಿ ಕಾನೂನಿನ ಅಡಿಗಲ್ಲುಗಳಲ್ಲಿ ಎರಡನ್ನು ಹಾಕಿದ್ದು ಅಂದಿನ ಮೈಸೂರು ರಾಜ್ಯದ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಸೀಟುಗಳ ಜಗಳವೇ ಎಂಬುದು ನಮ್ಮವರಲ್ಲಿ ಬಹಳ ಮಂದಿಗೆ ತಿಳಿಯದು.

ಡಾಕ್ಟರ್ ನಾಗನಗೌಡ ಸಮಿತಿ 1961ರಲ್ಲಿ ವರದಿ ಕೊಟ್ಟಿತು. ಹಿಂದುಳಿದವರು ಯಾರೆಂದು ಅಳೆಯಲು ಅದು ಹಿಡಿದ ಅಳತೆಗೋಲು ನಮ್ಮಂಥ ಹೈಸ್ಕೂಲು ಮೇಷ್ಟರುಗಳಿಗೆ ಬಲು ಹತ್ತಿರದ್ದು. ಒಂದು ಸಮುದಾಯದ ಪ್ರತಿ ಸಾವಿರ ಜನಕ್ಕೆ ಪ್ರೌಢಶಾಲೆಯ ಕೊನೆಯ ಮೂರು ತರಗತಿಗಳಲ್ಲಿ ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂಬ ಲೆಕ್ಕ ಅದು. ಇಡೀ ರಾಜ್ಯದ ಸರಾಸರಿ 6.9. ಸಾವಿರ ಜನರಿರುವ ಒಂದು ಊರನ್ನು ಕಣ್ಣ ಮುಂದೆ ತಂದುಕೊಳ್ಳಿ. ಅಲ್ಲಿ ಆ ತರಗತಿಗಳಲ್ಲಿದ್ದವರು ಏಳು ಮಂದಿ! ಅದು ಬೆಂಗಳೂರು ಮೈಸೂರುಗಳನ್ನೂ ಸೇರಿಸಿಕೊಂಡ ಲೆಕ್ಕ. ಸರಾಸರಿಗಿಂತ ಕೆಳಗಿದ್ದವರು ಹಿಂದುಳಿದವರು, ಅದರ ಅರ್ಧಕ್ಕಿಂತಲೂ ಕೆಳಗಿದ್ದವರು ಹೆಚ್ಚು ಹಿಂದುಳಿದವರು. 7.1 ಇದ್ದ ಲಿಂಗಾಯತರು ಹಿಂದುಳಿದವರ ಪಟ್ಟಿಗೆ ಸೇರಬೇಕೇ ಬೇಡವೇ ಎಂಬುದು ಆ ದಿನಗಳ ದೊಡ್ಡ ವಿವಾದ. ಸರ್ಕಾರ ಸೇರಿಸಿತು. ಒಂದು ದಶಾಂಶ ಸ್ಥಾನದಲ್ಲಿ ಒಂದು ಜನಾಂಗದ ಹಣೆಬರಹ ನಿಂತದ್ದನ್ನು ಗಣಿತದ ಮೇಷ್ಟ್ರಾಗಿ ನಾನು ಮುಂದೆ ತರಗತಿಯಲ್ಲಿ ಎಷ್ಟೋ ಸಲ ಉದಾಹರಿಸಿದ್ದುಂಟು.

1962ರ ಜುಲೈ 31ರ ಆಜ್ಞೆಯಂತೆ ಹಿಂದುಳಿದವರಿಗೆ ಶೇಕಡಾ 28, ಹೆಚ್ಚು ಹಿಂದುಳಿದವರಿಗೆ 22, ಪರಿಶಿಷ್ಟ ಜಾತಿಗೆ 15, ಪರಿಶಿಷ್ಟ ಪಂಗಡಕ್ಕೆ 3, ಒಟ್ಟು ಶೇಕಡಾ 68 ಸೀಟುಗಳು ಮೀಸಲಾದವು. ಇದನ್ನು ಪ್ರಶ್ನಿಸಿ ಕೆಲವು ವಿದ್ಯಾರ್ಥಿಗಳು ಸುಪ್ರೀಂ ಕೋರ್ಟಿಗೆ ಹೋದರು. ಅದೇ ಎಂ.ಆರ್. ಬಾಲಾಜಿ ಮೊಕದ್ದಮೆ. ಅದೇ ವರ್ಷದ ಸೆಪ್ಟೆಂಬರ್ 28ರಂದು ನ್ಯಾಯಮೂರ್ತಿ ಗಜೇಂದ್ರಗಡ್ಕರ್ ತೀರ್ಪು ಬರೆದರು. ಜಾತಿಯೊಂದನ್ನೇ ಅಳತೆಯಾಗಿ ಹಿಡಿಯಲಾಗದು, ಮೀಸಲಾತಿ ಸಾಮಾನ್ಯವಾಗಿ ಶೇಕಡಾ 50ರ ಒಳಗಿರಬೇಕು ಎಂದು ಹೇಳಿ ಆಜ್ಞೆಯನ್ನು ರದ್ದು ಮಾಡಿದರು. ಇಂದು ದೇಶದಾದ್ಯಂತ ವಾಗ್ವಾದಕ್ಕೆ ವಸ್ತುವಾಗಿರುವ ಆ ‘ಐವತ್ತರ ಗೆರೆ’ ಹುಟ್ಟಿದ್ದು ನಮ್ಮ ರಾಜ್ಯದ ಸೀಟುಗಳ ಮೇಲೆ. 1992ರಲ್ಲಿ ಇಂದ್ರಾ ಸಾಹ್ನಿ ತೀರ್ಪು ಅದನ್ನು ಗಟ್ಟಿಗೊಳಿಸಿತು.

ಸರ್ಕಾರ 1963ರ ಜುಲೈನಲ್ಲಿ ಮತ್ತೊಂದು ಆಜ್ಞೆ ಹೊರಡಿಸಿತು. ಈ ಸಲ ಜಾತಿಯ ಮಾತಿಲ್ಲ, ಕಸುಬು ಮತ್ತು ವರಮಾನದ ಮಾತು. ಕುಟುಂಬದ ವಾರ್ಷಿಕ ವರಮಾನ 1,200 ರೂಪಾಯಿ ಮೀರಿರಬಾರದು. ಸ್ವತಃ ಸಾಗುವಳಿ ಮಾಡುವ ರೈತ, ಕುಶಲಕರ್ಮಿ, ಸಣ್ಣ ವ್ಯಾಪಾರಿ, ಕೆಳದರ್ಜೆಯ ನೌಕರ ಅಥವಾ ಮೈಮುರಿದು ದುಡಿಯುವ ಇನ್ನಾವುದೇ ಕಸುಬಿನವನ ಮಗನಾಗಿರಬೇಕು. ಇಂಥವರಿಗೆ ಶೇಕಡಾ 30, ಪರಿಶಿಷ್ಟರಿಗೆ 18. ಒಟ್ಟು 48.

ಈ ಆಜ್ಞೆಯೊಳಗೆ ನಾನು ಸ್ವತಃ ಬರುತ್ತೇನೆ. ನಮ್ಮಪ್ಪ ಹೊಳೆದಂಡೆಯ ಗೇಣಿ ಗದ್ದೆಯ ರೈತ. ವರಮಾನ 1,200 ಇರಲಿ, ಅದರ ಅರ್ಧವಿದ್ದಿದ್ದರೂ ನಮ್ಮವ್ವ ಹರಕೆ ಕಟ್ಟಿಕೊಳ್ಳುತ್ತಿದ್ದಳು. 1964ರಲ್ಲಿ ನಾನು ಶಿವಮೊಗ್ಗದಲ್ಲಿ ಪಿ.ಯು.ಸಿ. ಮುಗಿಸಿದೆ. ಆಗ ಅದು ಒಂದೇ ವರ್ಷದ ಓದು. ಅಂಕಗಳು ಚೆನ್ನಾಗಿದ್ದವು. ತಹಶೀಲ್ದಾರರ ಸಹಿಗಾಗಿ (ನಾವಿನ್ನೂ ಅಮಲ್ದಾರರೆಂದೇ ಹೇಳುತ್ತಿದ್ದೆವು) ಅಪ್ಪ ಮೂರು ದಿನ ಕಚೇರಿಯ ಜಗಲಿಯ ಮೇಲೆ ಕುಳಿತು ವರಮಾನದ ಪತ್ರ ತಂದನು. ಆದರೆ ಅದೇ 1963ರ ಏರ್ಪಾಡಿನಲ್ಲಿ ಇನ್ನೊಂದು ಅಂಶವಿತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡಾ 25ರಷ್ಟನ್ನು ಸಂದರ್ಶನಕ್ಕೆ ಇಟ್ಟಿದ್ದರು. ಸಾಮಾನ್ಯ ಜ್ಞಾನ, ಅಭಿರುಚಿ ಮತ್ತು ವ್ಯಕ್ತಿತ್ವ, ಹಿಂದಿನ ಓದಿನ ವಿಶೇಷ ಸಾಧನೆ, ಎನ್.ಸಿ.ಸಿ., ಆಟ, ಸಮಾಜಸೇವೆ, ಚರ್ಚಾಸ್ಪರ್ಧೆ, ನಾಟಕ ಇವುಗಳಿಗೆ ಆ ಅಂಕ. ಈ ಸಂದರ್ಶನವನ್ನೂ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿತ್ತು. ಚಿತ್ರಲೇಖಾ ಮೊಕದ್ದಮೆಯೆಂದು ಅದಕ್ಕೆ ಹೆಸರು. 1964ರ ಜನವರಿಯಲ್ಲಿ ನ್ಯಾಯಮೂರ್ತಿ ಸುಬ್ಬರಾವ್ ಅವರ ಬಹುಮತದ ತೀರ್ಪು ಸಂದರ್ಶನವನ್ನು ಎತ್ತಿ ಹಿಡಿಯಿತು. ಒಂದು ಪದ್ಧತಿಯ ದುರುಪಯೋಗ ಸಾಧ್ಯವೆಂದ ಮಾತ್ರಕ್ಕೆ ಪದ್ಧತಿಯೇ ಕಾನೂನುಬಾಹಿರವಾಗದು ಎಂಬುದು ಅದರ ತಾತ್ಪರ್ಯ. ನ್ಯಾಯಮೂರ್ತಿ ಮುಧೋಳ್ಕರ್ ಭಿನ್ನ ತೀರ್ಪು ಬರೆದರು. ಕಾನೂನು ತಿಳಿಯದ ನನಗೆ ಮುಧೋಳ್ಕರ್ ಅವರ ಮೇಲೆ ಇಂದಿಗೂ ಒಂದು ಬಗೆಯ ಮಮತೆಯಿದೆ. ಕಾರಣ ಹೀಗಿದೆ.

ಬೆಂಗಳೂರಿನ ಒಂದು ಕಟ್ಟಡದಲ್ಲಿ ಮೂವರು ಕುಳಿತಿದ್ದರು. ವಿದ್ಯಾರ್ಥಿನಿಲಯದ ಗೆಳೆಯನಿಂದ ಎರವಲು ತಂದ ಬೂಟು ನನ್ನ ಕಾಲಿಗೆ ದೊಡ್ಡದಾಗಿದ್ದು, ಒಳಗೆ ಹೋಗುವಾಗ ಟಪಟಪನೆ ಸದ್ದು ಮಾಡಿತು. ಒಬ್ಬರು ಇಂಗ್ಲಿಷಿನಲ್ಲಿ "ನಿನ್ನ ಹಾಬಿ ಯಾವುದು?" ಎಂದು ಕೇಳಿದರು. ಆ ಶಬ್ದವನ್ನು ಓದಿದ್ದೆ, ಕಿವಿಯಿಂದ ಕೇಳಿದ್ದು ಅಂದೇ ಮೊದಲು. ಅರ್ಥ ಹೊಳೆಯುವಷ್ಟರಲ್ಲಿ ಅವರು ಎನ್.ಸಿ.ಸಿ. ಇದೆಯೇ ಎಂದರು. ಇಲ್ಲ. ನಾಟಕ? ಇಲ್ಲ. ಆಗ ಥಟ್ಟನೆ ಹಾಬಿಯ ಅರ್ಥ ಹೊಳೆದು, "ಹೊಳೆ ಈಜ್ತೀನಿ ಸಾರ್, ಮಳೆಗಾಲದಲ್ಲೂ" ಎಂದು ಕನ್ನಡದಲ್ಲಿ ಹೇಳಿದೆ. ಒಬ್ಬರು ನಕ್ಕರು. ಕೆಟ್ಟ ನಗೆಯಲ್ಲ, ಮಕ್ಕಳ ಮಾತಿಗೆ ನಗುವ ನಗೆ. ಹಾಳೆಯ ಮೇಲೆ ಏನನ್ನೂ ಬರೆಯಲಿಲ್ಲ. ಐದು ನಿಮಿಷವೂ ಆಗಿರಲಿಲ್ಲ. ಸೀಟು ಬರಲಿಲ್ಲ. ನಾನು ಬಿ.ಎಸ್ಸಿ. ಓದಿ, ಬಿ.ಎಡ್. ಮಾಡಿ ಮೇಷ್ಟ್ರಾದೆ. ಇದನ್ನು ದುಃಖವೆಂದು ಬರೆಯುತ್ತಿಲ್ಲ. ಇಂಜಿನಿಯರಾಗಿದ್ದರೆ ನೀವುಗಳು ನನಗೆ ಸಿಕ್ಕುತ್ತಿರಲಿಲ್ಲ. ಆದರೆ ಗೇಣಿ ರೈತನ ಮಗನಿಗೆಂದು ಶೇಕಡಾ 30ನ್ನು ಒಂದು ಕೈಯಿಂದ ಕೊಟ್ಟು, ಅದೇ ಮಗನಿಗೆ ನಾಟಕ ಚರ್ಚಾಸ್ಪರ್ಧೆಗಳ ಲೆಕ್ಕ ಕೇಳಿ ಇನ್ನೊಂದು ಕೈಯಿಂದ ಕಸಿದುಕೊಂಡ ಬಗೆಯನ್ನು ಚರಿತ್ರೆ ಗುರುತಿಸಬೇಕು.

ಮುಂದೆ ಸೀಟುಗಳನ್ನು ವಿಶ್ವವಿದ್ಯಾನಿಲಯವಾರು ಹಂಚಿದರು. ರಾಜ್ಯದಲ್ಲಿ ಆಗ ಮೈಸೂರು, 1949ರ ಕರ್ನಾಟಕ, 1964ರ ಬೆಂಗಳೂರು ಎಂಬ ಮೂರು ವಿಶ್ವವಿದ್ಯಾನಿಲಯಗಳಿದ್ದವು. ವೈದ್ಯಕೀಯ ಸೀಟುಗಳ ಹೆಚ್ಚಿನ ಪಾಲು ಆಯಾ ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿ ಓದಿದವರಿಗೇ ಮೀಸಲು. ಚಂಚಲಾ ಮೊಕದ್ದಮೆಯಲ್ಲಿ 1971ರಲ್ಲಿ ಸುಪ್ರೀಂ ಕೋರ್ಟು ಇದನ್ನು ಒಪ್ಪಿತು. ಇದರಿಂದ ನಮ್ಮ ತುಂಗಭದ್ರೆ ಒಂದು ವಿಚಿತ್ರ ಗಡಿಯಾಯಿತು. ಹೊಳೆಯ ಈಚೆಯ ಹೊನ್ನಾಳಿ ಮೈಸೂರು ವಿಶ್ವವಿದ್ಯಾನಿಲಯಕ್ಕೆ, ಆಚೆಯ ರಾಣೆಬೆನ್ನೂರು ಹಿರೇಕೆರೂರುಗಳು ಧಾರವಾಡಕ್ಕೆ. ಒಂದೇ ಸಂತೆಗೆ ಬರುವ ಎರಡು ಊರುಗಳ ಹುಡುಗರು ಬೇರೆ ಬೇರೆ ಸಾಲಿನಲ್ಲಿ ನಿಲ್ಲಬೇಕಾಯಿತು.

ಗಡಿಯ ಮಾತು ಬಂದುದರಿಂದ ಇನ್ನೂ ಹರಿತವಾದ ಒಂದನ್ನು ಹೇಳಬೇಕು. ನ್ಯಾಮತಿಯ ಸುತ್ತಮುತ್ತ ಲಂಬಾಣಿ ತಾಂಡಾಗಳು ಬಹಳ. ಸಂತ ಸೇವಾಲಾಲರ ಸುರಗೊಂಡನಕೊಪ್ಪ ಇರುವುದು ಇಲ್ಲಿಯೇ. ಹಳೆಯ ಮೈಸೂರು ಸೀಮೆಯಲ್ಲಿ ಲಂಬಾಣಿಗರು ಪರಿಶಿಷ್ಟ ಜಾತಿಯ ಪಟ್ಟಿಯಲ್ಲಿದ್ದರು. ಧಾರವಾಡ ಜಿಲ್ಲೆಯಲ್ಲಿ ಇರಲಿಲ್ಲ. ಅಂದರೆ ಈಚೆಯ ತಾಂಡಾದ ಹುಡುಗನಿಗಿದ್ದ ಹಕ್ಕು, ಹೊಳೆ ದಾಟಿ ಮದುವೆಯಾಗಿ ಹೋದ ಅವನ ಅಕ್ಕನ ಮಗನಿಗೆ ಇರಲಿಲ್ಲ! 1976ರ ತಿದ್ದುಪಡಿ ಕಾಯ್ದೆ ಪ್ರದೇಶದ ನಿರ್ಬಂಧವನ್ನು ತೆಗೆದುಹಾಕುವವರೆಗೆ ಹೀಗೆಯೇ ನಡೆಯಿತು. ಅದೇ ಕಾಲಕ್ಕೆ ದೇವರಾಜ ಅರಸರು ನೇಮಿಸಿದ್ದ ಹಾವನೂರರ ಆಯೋಗ 1975ರಲ್ಲಿ ವರದಿ ಕೊಟ್ಟು ಹಿಂದುಳಿದ ವರ್ಗಗಳ ಚಿತ್ರವನ್ನೇ ಹೊಸದಾಗಿ ಬರೆಯಿತು. ಅದರ ಕಥೆ ದೊಡ್ಡದು, ಬೇರೆಯಾಗಿಯೇ ಬರೆಯತಕ್ಕದ್ದು.

ಜಗಳೂರಿನಲ್ಲಿ ನಾನಿದ್ದದ್ದು ಎಂಬತ್ತರ ದಶಕದಲ್ಲಿ. ಬರಗಾಲದ ವರ್ಷಗಳಲ್ಲಿ ಹಾಜರಿ ಪುಸ್ತಕ ನೋಡಿದರೆ ಸಂಕಟವಾಗುತ್ತಿತ್ತು. ಜನವರಿ ಕಳೆಯುವಷ್ಟರಲ್ಲಿ ಮಕ್ಕಳು ತಂದೆತಾಯಿಯರೊಂದಿಗೆ ಗುಳೆ ಹೋಗಿಬಿಡುತ್ತಿದ್ದರು. ಪರೀಕ್ಷೆಯ ಹೊತ್ತಿಗೆ ಕೆಲವರು ಹಿಂದಿರುಗುತ್ತಿದ್ದರು, ಕೆಲವರು ಇಲ್ಲ. ಸೀಟಿನ ವಿಷಯದಲ್ಲಿ ಸುಪ್ರೀಂ ಕೋರ್ಟು ಏನು ಹೇಳಿತೆಂಬುದು ಅಲ್ಲಿ ಯಾರಿಗೂ ಬೇಕಾಗಿರಲಿಲ್ಲ. ಹತ್ತನೆಯ ತರಗತಿಯ ಮೊದಲ ಬೆಂಚಿನ ಹುಡುಗಿಯರಲ್ಲಿ ಪಿ.ಯು.ಸಿ. ವಿಜ್ಞಾನಕ್ಕೆ ಹೋದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ. ಹೋದವರೂ ಇಂಗ್ಲಿಷ್ ಮಾಧ್ಯಮದ ಭೌತಶಾಸ್ತ್ರವನ್ನು ಮೊದಲ ಮೂರು ತಿಂಗಳು ಕಣ್ಣೀರಿನಲ್ಲಿಯೇ ಓದಿದವರು.

ಇತ್ತ ಇನ್ನೊಂದು ಬಾಗಿಲು ತೆರೆದಿತ್ತು, ಹಣದ ಬಾಗಿಲು. ಖಾಸಗಿ ಕಾಲೇಜುಗಳು ಹೆಚ್ಚಿದಂತೆ ಕ್ಯಾಪಿಟೇಷನ್ ಎಂಬ ಶಬ್ದ ಹಳ್ಳಿಯ ಕಟ್ಟೆಗಳಿಗೂ ಬಂದಿತು. 1984ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಷೇಧಿಸುವ ಕಾಯ್ದೆ ತಂದಿತು. 1989ರ ಅಧಿಸೂಚನೆಯಲ್ಲಿ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕವನ್ನು ಸರ್ಕಾರಿ ಸೀಟಿಗೆ 2,000, ಕರ್ನಾಟಕದ ಇತರರಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿ ಎಂದು ನಿಗದಿ ಮಾಡಲಾಯಿತು. ತುಮಕೂರಿನ ಕಾಲೇಜೊಂದರಲ್ಲಿ ಸೀಟು ಬಯಸಿ ಉತ್ತರಪ್ರದೇಶದಿಂದ ಬಂದಿದ್ದ ಮೋಹಿನಿ ಜೈನ್ ಎಂಬ ವಿದ್ಯಾರ್ಥಿನಿ ಇದನ್ನು ಪ್ರಶ್ನಿಸಿದಳು. 1992ರಲ್ಲಿ ಸುಪ್ರೀಂ ಕೋರ್ಟು ಶಿಕ್ಷಣವು ಹಕ್ಕೆಂದೂ ಕ್ಯಾಪಿಟೇಷನ್ ಅಕ್ರಮವೆಂದೂ ಹೇಳಿತು. ಮರುವರ್ಷ ಉನ್ನಿಕೃಷ್ಣನ್ ತೀರ್ಪು ಅದನ್ನು ಸ್ವಲ್ಪ ತಿದ್ದಿ, ಖಾಸಗಿ ಕಾಲೇಜುಗಳ ಅರ್ಧದಷ್ಟು ಸೀಟುಗಳನ್ನು ಅರ್ಹತೆಯ ಮೇಲೆ ಕಡಿಮೆ ಶುಲ್ಕಕ್ಕೆ ಕೊಡಬೇಕೆಂದು ವಿಧಿಸಿತು. ಆ ವ್ಯವಸ್ಥೆ 2002ರ ಟಿ.ಎಂ.ಎ. ಪೈ ತೀರ್ಪಿನವರೆಗೆ ಬಾಳಿತು. ಇದನ್ನು ನಡೆಸಲೆಂದೇ 1994ರಲ್ಲಿ ನಮ್ಮಲ್ಲಿ ಸಿ.ಇ.ಟಿ. ಘಟಕ ಸ್ಥಾಪನೆಯಾಯಿತು.

ಸಿ.ಇ.ಟಿ.ಯನ್ನು ಬೈಯುವವರು ಬಹಳ. ನಾನು ಬೈಯಲಾರೆ. ಅಲ್ಲಿ ಹಾಬಿ ಯಾವುದೆಂದು ಕೇಳುವವರಿರಲಿಲ್ಲ. ಬೂಟಿನ ಸದ್ದು ಯಾರಿಗೂ ಕೇಳಿಸುತ್ತಿರಲಿಲ್ಲ. ಮಲ್ಲೇಶ್ವರದ ಕೌನ್ಸೆಲಿಂಗ್‌ಗೆಂದು ಹೊನ್ನಾಳಿಯಿಂದ ರಾತ್ರಿ ಬಸ್ಸಿನಲ್ಲಿ ಹೊರಟ ತಂದೆ ಮಗ, ಪರದೆಯ ಮೇಲೆ ಉಳಿದ ಸೀಟುಗಳ ಸಂಖ್ಯೆ ಇಳಿಯುವುದನ್ನು ನೋಡುತ್ತ, ತಮ್ಮ ಸರದಿ ಬಂದಾಗ ಬೆರಳಿಟ್ಟು ತೋರಿಸಿ ಸೀಟು ಪಡೆದು, ಅಂದೇ ರಾತ್ರಿಯ ಬಸ್ಸಿಗೆ ಮರಳುತ್ತಿದ್ದರು. ಯಾರ ಶಿಫಾರಸೂ ಬೇಕಾಗಿರಲಿಲ್ಲ. ನನ್ನ ವಿದ್ಯಾರ್ಥಿಗಳಲ್ಲಿ ಹನ್ನೊಂದು ಮಂದಿ ಹಾಗೆ ಬೆರಳಿಟ್ಟು ತೋರಿಸಿದವರು. ಈ ಪುಟವನ್ನು ಓದುತ್ತಿರುವಿರಿ, ನನಗೆ ಗೊತ್ತು.

ಆದರೆ ಬೆರಳಿಡುವ ಮೊದಲು ಕಾಗದಗಳ ಒಂದು ಕಟ್ಟು ಪರಿಶೀಲನೆಯಾಗಬೇಕು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಪ್ರತಿ ವರ್ಗದಲ್ಲೂ ಶೇಕಡಾ 15, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇಕಡಾ 5 ಸೀಟುಗಳಿವೆ. ಇವಕ್ಕೆ ಮುಖ್ಯೋಪಾಧ್ಯಾಯರ ಪ್ರಮಾಣಪತ್ರ, ಅದರ ಮೇಲೆ ಬಿ.ಇ.ಒ. ಮೇಲುರುಜು. ಹತ್ತು ವರ್ಷವೆಂದರೆ ಪೂರ್ತಿ ಹತ್ತು ವರ್ಷ. ನಗರಸಭೆ, ಪುರಸಭೆ ಮಾತ್ರವಲ್ಲ, ಪಟ್ಟಣ ಪಂಚಾಯತಿಯ ಗಡಿಯೊಳಗಿನ ಶಾಲೆಯೂ ಗ್ರಾಮೀಣವಲ್ಲ. ಬೆಂಗಳೂರಿನವರು ಹಳ್ಳಿಯೆಂದೇ ಭಾವಿಸುವ ನಮ್ಮ ತಾಲ್ಲೂಕು ಕೇಂದ್ರಗಳು ಈ ಲೆಕ್ಕದಲ್ಲಿ ನಗರಗಳು!

ಈಗ ‘ಹಿಂದಿನ ಸಲ’ದ ಮಾತು. 2002ರಲ್ಲಿ ನಾನು ಪೇಟೆಯ ಪ್ರೌಢಶಾಲೆಯೊಂದರಲ್ಲಿ ಮುಖ್ಯೋಪಾಧ್ಯಾಯನಾಗಿದ್ದೆ. ಸೂಳೆಕೆರೆಯ ಕಡೆಯ ಆ ಹಳ್ಳಿಗೆ ಒಂದು ಸಮಾರಂಭಕ್ಕೆ ಹೋದಾಗ ಏಳನೆಯ ತರಗತಿಯ ಈ ಹುಡುಗ ಹಲಗೆಯ ಮೇಲೆ ಲೆಕ್ಕ ಬಿಡಿಸಿದ್ದನ್ನು ನೋಡಿದೆ. ಅವನ ತಂದೆ ಅಡಿಕೆ ಸುಲಿಯುವ ಕೂಲಿಯವರು. ಆ ಊರಿನ ಪ್ರೌಢಶಾಲೆಯಲ್ಲಿ ಗಣಿತಕ್ಕೆ ಶಿಕ್ಷಕರಿರಲಿಲ್ಲ. "ಇವನನ್ನು ನನ್ನ ಶಾಲೆಗೆ ಕಳಿಸಿ, ಹಾಸ್ಟೆಲಿನಲ್ಲಿ ನಾನೇ ಸೇರಿಸುತ್ತೇನೆ" ಎಂದು ಒತ್ತಾಯ ಮಾಡಿದವನು ನಾನೇ. ತಂದೆಗೆ ಅಷ್ಟು ಮನಸ್ಸಿರಲಿಲ್ಲ. ಮೂರು ವರ್ಷ ಅವನು ನನ್ನ ಶಾಲೆಯಲ್ಲಿ ಓದಿ, 2005ರಲ್ಲಿ, ನಾನು ನಿವೃತ್ತನಾದ ವರ್ಷವೇ, ಶಾಲೆಗೆ ಮೊದಲಿಗನಾಗಿ ತೇರ್ಗಡೆಯಾದನು. 2007ರಲ್ಲಿ ಸಿ.ಇ.ಟಿ. ಬರೆದನು. ಅವನಿಗಿಂತ ಕೆಳಗಿನ ರ‍್ಯಾಂಕಿನ ಅವನೂರಿನ ಗೆಳೆಯನೊಬ್ಬ ಗ್ರಾಮೀಣ ಕೋಟಾದಲ್ಲಿ ಸರ್ಕಾರಿ ಕಾಲೇಜಿನ ಇಂಜಿನಿಯರಿಂಗ್ ಸೀಟು ಪಡೆದನು. ಇವನಿಗೆ ಏಳು ವರ್ಷದ ಗ್ರಾಮೀಣ ಪತ್ರವಿತ್ತು, ಹತ್ತು ವರ್ಷದ್ದಿರಲಿಲ್ಲ. ಸಿಕ್ಕಿದ ಸೀಟಿನ ಶುಲ್ಕ ಕಟ್ಟಲು ಆ ಮನೆಗೆ ಆಗಲಿಲ್ಲ. ಅವನು ಬಿ.ಎಸ್ಸಿ. ಸೇರಿದನು. ಇಂದು ಒಂದು ಸಹಕಾರ ಸಂಘದಲ್ಲಿ ಲೆಕ್ಕಪತ್ರ ನೋಡಿಕೊಂಡು ನೆಮ್ಮದಿಯಾಗಿದ್ದಾನೆ.

ಆ ನಿಯಮ ನನಗೆ ಗೊತ್ತಿರಲಿಲ್ಲವೇ? ಅಂಥ ಪತ್ರಗಳಿಗೆ ಸಹಿ ಹಾಕುತ್ತಿದ್ದವನೇ ನಾನು. ಗೊತ್ತಿತ್ತು. ಆ ಹುಡುಗನ ವಿಷಯದಲ್ಲಿ ನೆನಪಾಗಲಿಲ್ಲ, ಅಷ್ಟೇ. ಒಳ್ಳೆಯ ವಿದ್ಯಾರ್ಥಿ ನನ್ನ ಶಾಲೆಗೆ ಬೇಕೆಂಬ ಆಸೆಯೂ ಅದರಲ್ಲಿ ಇದ್ದಿರಬೇಕು. ಗಣಿತದ ಮೇಷ್ಟ್ರಿಲ್ಲದ ಶಾಲೆಯಲ್ಲಿಯೇ ಉಳಿದಿದ್ದರೆ ಅವನಿಗೆ ಆ ರ‍್ಯಾಂಕೇ ಬರುತ್ತಿರಲಿಲ್ಲವೆಂದು ನನಗೆ ನಾನೇ ಹೇಳಿಕೊಂಡದ್ದುಂಟು. ಇರಬಹುದು. ಆದರೆ ಅದನ್ನು ಸಾಧಿಸಿ ತೋರಿಸಲು ನನ್ನ ಬಳಿ ಯಾವ ಸೂತ್ರವೂ ಇಲ್ಲ.

ಅವನು ಸಿ.ಇ.ಟಿ. ಬರೆದ ಮೇಲೆ ಬಹಳಷ್ಟು ಬದಲಾಗಿದೆ. 1997ರ ಆಗಸ್ಟ್ 15ರಂದು ಹುಟ್ಟಿದ ದಾವಣಗೆರೆ ಜಿಲ್ಲೆಗೆ 2009ರಲ್ಲಿ ತನ್ನದೇ ವಿಶ್ವವಿದ್ಯಾನಿಲಯ ಬಂದಿತು. ಆ ಜಿಲ್ಲೆಯನ್ನು ರಚಿಸಿ ಶಿವಮೊಗ್ಗದಿಂದ ಚನ್ನಗಿರಿ ಹೊನ್ನಾಳಿಗಳನ್ನೂ ಚಿತ್ರದುರ್ಗದಿಂದ ಜಗಳೂರನ್ನೂ ಇತ್ತ ತಂದ ಮುಖ್ಯಮಂತ್ರಿ ಜೆ.ಎಚ್. ಪಟೇಲರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನವರೇ. ನ್ಯಾಮತಿ 2018ರಲ್ಲಿ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯಲ್ಲಿ ನವೋದಯ ವಿದ್ಯಾಲಯವಿದೆ. ಅದರ ಪ್ರವೇಶ ಆರನೆಯ ತರಗತಿಗೆ. ನನ್ನ ವಿದ್ಯಾರ್ಥಿಯ ಅಕ್ಕನ ಮಗಳಿಗೆ ಆ ಗಾಡಿ ಹೊರಟುಹೋಗಿದೆ.

ಹೊಸ ಗಡಿಗಳೂ ಹುಟ್ಟಿವೆ. ಜಗಳೂರಿಗೆ ತಾಗಿದ ಹರಪನಹಳ್ಳಿ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಬಂದಿತ್ತು. ಸಂವಿಧಾನದ 371ನೆಯ ಜೆ ವಿಧಿಯ ಸೌಲಭ್ಯ ಹೈದರಾಬಾದ್ ಕರ್ನಾಟಕದ ಜಿಲ್ಲೆಗಳಿಗೆ ದೊರೆತ ಮೇಲೆ, ಅಲ್ಲಿನ ಜನ ಹೋರಾಡಿ 2018ರಲ್ಲಿ ಬಳ್ಳಾರಿಗೆ ಮರಳಿದರು. 2021ರಿಂದ ಅದು ವಿಜಯನಗರ ಜಿಲ್ಲೆಯಲ್ಲಿದೆ. ಆ ವಿಧಿಯಂತೆ ಸ್ಥಳೀಯರಿಗೆ ಆ ಪ್ರದೇಶದ ಕಾಲೇಜುಗಳಲ್ಲಿ ಶೇಕಡಾ 70, ರಾಜ್ಯದ ಉಳಿದ ಕಡೆ ಶೇಕಡಾ 8 ಸೀಟುಗಳು. ಗಡಿಯ ಎರಡು ಕಡೆಯ ಹೊಲಗಳಲ್ಲಿ ಒಂದೇ ಮೆಕ್ಕೆಜೋಳ, ಒಂದೇ ಬರ. ಹರಪನಹಳ್ಳಿಯವರ ಮೇಲೆ ನನಗೆ ಅಸೂಯೆಯಿಲ್ಲ. ಜಗಳೂರಿನ ಮಕ್ಕಳ ಪರವಾಗಿ ಅಷ್ಟು ಗಟ್ಟಿಯಾಗಿ ಕೂಗುವವರಿರಲಿಲ್ಲವಲ್ಲ ಎಂಬುದಷ್ಟೇ ನನ್ನ ಕೊರಗು.

ವೈದ್ಯಕೀಯಕ್ಕೆ ಈಗ ಸಿ.ಇ.ಟಿ. ಅಂಕ ನಡೆಯುವುದಿಲ್ಲ. ರಾಷ್ಟ್ರಮಟ್ಟದ ನೀಟ್ ಬರೆಯಬೇಕು. 2017ರಿಂದ ಅದರ ಪ್ರಶ್ನೆಪತ್ರಿಕೆ ಕನ್ನಡದಲ್ಲೂ ದೊರೆಯುತ್ತದೆ. ಆದರೆ ಪಿ.ಯು.ಸಿ. ವಿಜ್ಞಾನವನ್ನು ಇಂಗ್ಲಿಷಿನಲ್ಲಿ ಓದಿದ ಮಗು ಪರೀಕ್ಷೆಯ ದಿನ ಕನ್ನಡವನ್ನು ಆರಿಸಿಕೊಳ್ಳುವುದಾದರೂ ಹೇಗೆ? ರಾಜ್ಯದ ಪಾಲಿನ ವೈದ್ಯಕೀಯ ಸೀಟುಗಳಲ್ಲಿ ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಮಾತ್ರ ಇಂದಿಗೂ ಉಳಿದಿದೆ. ಇಂಜಿನಿಯರಿಂಗಿಗೆ ಪಿ.ಯು.ಸಿ. ಅಂಕ ಅರ್ಧ, ಸಿ.ಇ.ಟಿ. ಅಂಕ ಅರ್ಧ. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಂಥ ಕಡೆಗಳಲ್ಲಿ ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ. ಆ ಬಾಗಿಲನ್ನು ನಮ್ಮ ನಾಲ್ಕು ತಾಲ್ಲೂಕುಗಳ ಸರ್ಕಾರಿ ಶಾಲೆಯ ಮಗು ತಟ್ಟಿದ್ದನ್ನು ನಾನು ಕೇಳಿಲ್ಲ. ತಟ್ಟಿದವರಿದ್ದರೆ ದಯವಿಟ್ಟು ತಿಳಿಸಿರಿ, ಸಂತೋಷದಿಂದ ತಿದ್ದಿಕೊಳ್ಳುತ್ತೇನೆ.

ಭಾನುವಾರ ನಾನು ಅವನಿಗೆ ಉತ್ತರ ಕೊಡಲಿಲ್ಲ. "ಎರಡು ದಿನ ಬಿಟ್ಟು ಹೇಳುತ್ತೇನಪ್ಪಾ" ಎಂದೆ. ಬುಧವಾರ ನಾನೇ ಕರೆ ಮಾಡಿ, ಹುಡುಗಿ ಊರಿನ ಪ್ರೌಢಶಾಲೆಯಲ್ಲೇ ಓದಲಿ, ಆದರೆ ಅಲ್ಲಿ ಗಣಿತಕ್ಕೂ ವಿಜ್ಞಾನಕ್ಕೂ ಖಾಯಂ ಶಿಕ್ಷಕರಿದ್ದಾರೆಯೇ ಎಂಬುದನ್ನು ನೋಡದೆ ಈ ಮಾತನ್ನು ಕೊನೆಯದೆಂದು ಹಿಡಿಯಬೇಡ ಎಂದೆ. ಅವನು, "ವಿಜ್ಞಾನಕ್ಕೆ ಇದಾರೆ ಸಾರ್, ಗಣಿತದವರು ವರ್ಗವಾಗಿ ಹೋಗಿ ಐದು ತಿಂಗಳಾಯ್ತು" ಎಂದನು. ಮತ್ತೆ ಗಣಿತವೇ.

ನನಗೀಗ ಎಪ್ಪತ್ತೆಂಟು ದಾಟಿದೆ. ಮಂಡಿ ನೋವು ಇದೆ, ಬಸ್ಸಿನ ಮೆಟ್ಟಿಲು ಎತ್ತರ. ಆದರೂ ಮುಂದಿನ ಸೋಮವಾರ ಆ ಊರಿಗೆ ಹೋಗಿ ಮುಖ್ಯೋಪಾಧ್ಯಾಯರನ್ನು ಕಂಡು, ಅತಿಥಿ ಶಿಕ್ಷಕರು ಬರುವವರೆಗೆ ವಾರಕ್ಕೆ ಎರಡು ದಿನ ಎಂಟನೆಯ ತರಗತಿಗೆ ಗಣಿತ ಹೇಳಿಕೊಡಲು ಅನುಮತಿ ಕೊಡುತ್ತಾರೆಯೇ ಎಂದು ಕೇಳಿ ಬರುವುದೆಂದು ನಿಶ್ಚಯಿಸಿದ್ದೇನೆ. ಹುಡುಗಿಯ ಮಾವನೇ ಬೈಕಿನಲ್ಲಿ ಬಸ್ ನಿಲ್ದಾಣಕ್ಕೆ ಬಂದು ಕರೆದುಕೊಂಡು ಹೋಗುವುದಾಗಿ ಹೇಳಿದ್ದಾನೆ.